ಅಂಜನಮ್ಮ ಕಾರಿನ ನಡುಕ ಬಿಡಿಸಿದ್ದು

ಬ್ಯಾಟರಾಯನಪುರದ ಅಂಜನಮ್ಮ ಕಾರು ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಹೊಲಗಳೆಲ್ಲ ಸೈಟಾದ ಮೇಲೆ ಊರಿನ ಗಂಡಸರು ಡ್ರೈವರ್ ಇಟ್ಟುಕೊಂಡು ಮೀಸೆ ತಿರುವಿದರೆ, ಈಯಮ್ಮ ಸೆಕೆಂಡ್ ಹ್ಯಾಂಡ್ ಬಿಳಿ ಕಾರೊಂದನ್ನು ಕೊಂಡು ತಾವೇ ಸ್ಟಿಯರಿಂಗ್ ಹಿಡಿದರು. ಅಲ್ಲಿಂದ ಇಪ್ಪತ್ತನಾಲ್ಕು ವರ್ಷ, ಯಲಹಂಕಕ್ಕಾಗಲಿ ವಿದ್ಯಾರಣ್ಯಪುರದ ತಂಗಿ ಮನೆಗಾಗಲಿ ಹೋಗಲು ಯಾರ ಅಪ್ಪಣೆಯನ್ನೂ ಕೇಳಿದವರಲ್ಲ.

ಈ ವರ್ಷ ಆ ಕಾರಿಗೆ ನಡುಕ ಹತ್ತಿತು. ಓಡುವಾಗ ಚೆನ್ನಾಗಿಯೇ ಓಡುತ್ತದೆ, ನಿಂತರೆ ಚಳಿಜ್ವರ ಬಂದವರ ಹಾಗೆ ಗಡಗಡ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಮೂರು ಸಲ ಆಫ್ ಆಗಿ ಹಿಂದಿನವರಿಂದೆಲ್ಲ ಬೈಸಿಕೊಂಡದ್ದಾಯಿತು. ಮೂವರು ಮೆಕ್ಯಾನಿಕ್‌ಗಳು ಪ್ಲಗ್ ಬದಲಿಸಿದರು, ಕಾರ್ಬುರೇಟರ್ ತೊಳೆದರು. ಏನೂ ಗುಣ ಕಾಣಲಿಲ್ಲ. ಮಗ ಶಿವರಾಮ್ ಗುಜರಿಯವನಿಗೆ ಫೋನ್ ಮಾಡಿಯೇಬಿಟ್ಟ. ಭಾನುವಾರ ಹನ್ನೊಂದಕ್ಕೆ ಬಂದು ಕಾರು ಒಯ್ಯುವುದೆಂದು ಮಾತಾಯಿತು.

"ಇನ್ಮೇಲೆ ನನ್ ಗಾಡೀಲೇ ಕರ್ಕೊಂಡೋಗ್ತೀನಲ್ಲಮ್ಮ, ಹಿಂದೆ ಆರಾಮಾಗಿ ಕೂತ್ಕೊ" ಎಂದ.

ಅಂಜನಮ್ಮ ಕಾರಿನ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ತಂಗಿಯನ್ನು ನೋಡಬೇಕೆಂದರೆ ಇನ್ನು ಮಗನ ಪುರುಸೊತ್ತು ಕಾಯಬೇಕೇ?

ಭಾನುವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿದರು. ಒಂದು ಮೊಳದ ರಬ್ಬರ್ ಪೈಪಿನ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಎಂಜಿನ್ ಮೇಲೆ ಅಲ್ಲಲ್ಲಿ ಹಿಡಿದರು. ತೋಟವಿದ್ದಾಗ ಪಂಪ್‌ಸೆಟ್ಟಿನ ರೋಗ ಹಿಡಿಯುತ್ತಿದ್ದುದೂ ಹೀಗೆಯೇ. ಒಂದು ಕಡೆ 'ಸುಯ್' ಎಂದು ಗಾಳಿ ಎಳೆಯುವ ಸದ್ದು ಕೇಳಿಸಿತು.

ಅದು ಪೂಜೆ ದಾರದ ಗಂಟಿನೊಳಗಿಂದ! ಪ್ರತಿ ಆಯುಧಪೂಜೆಗೂ ಅಂಜನಮ್ಮ ಎಂಜಿನ್ನಿಗೆ ಸೇರಿದ ಅದೊಂದೇ ಗಾಳಿ ಪೈಪಿಗೆ ಅರಿಶಿನದ ದಾರ ಬಿಗಿಯುತ್ತಿದ್ದರು. ಹಳೆಯದನ್ನು ಬಿಚ್ಚಿದ್ದೇ ಇಲ್ಲ. ದೇವರ ದಾರವೆಂದು ಆ ಮೂವರು ಮೆಕ್ಯಾನಿಕ್‌ಗಳೂ ಅತ್ತ ಕೈಯಿಟ್ಟಿರಲಿಲ್ಲ. ಅಂಜನಮ್ಮ ಆ ಗಂಟನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಅದುಮಿದರು. ನಡುಕ ತಟ್ಟನೆ ತಗ್ಗಿತು. ಕೈ ಬಿಟ್ಟರೆ ಮತ್ತೆ ಶುರು.

"ಅಯ್ಯೋ ನನ್ ಬುದ್ಧಿಗಿಷ್ಟು! ನಾನೇ ಕುತ್ಗೆ ಇಸುಕಿದ್ದೀನಲ್ಲೋ ಇದ್ಕೆ!"

ಎಂಜಿನ್ ಆಫ್ ಮಾಡಿ ಕತ್ತರಿ ತಂದರು. ದಾರಕ್ಕೆ ಕತ್ತರಿ ಹಾಕುವ ಮೊದಲು ಕಣ್ಮುಚ್ಚಿ ಒಂದು ಸಲ ಕೈಮುಗಿದು, ಕತ್ತರಿಸಿಯೇಬಿಟ್ಟರು. ವರ್ಷವರ್ಷದ ಬಿಗಿತಕ್ಕೆ ಒಳಗೆ ಪೈಪು ಸೀಳಿತ್ತು. ಅಲ್ಲಿಂದ ನುಗ್ಗಿದ ಕಳ್ಳಗಾಳಿಯೇ, ಗಾಡಿ ನಿಂತಾಗಲೆಲ್ಲ ಎಂಜಿನ್ನಿನ ಉಸಿರು ಕೆಡಿಸುತ್ತಿದ್ದುದು. ದಾರಗಳನ್ನು ತುಳಸಿ ಬುಡಕ್ಕೆ ಹಾಕಿ, ಸೀಳಿದ ತುಂಡನ್ನು ಶಿವರಾಮನ ಕೈಗಿತ್ತು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡಿಸಿದರು. ಹೊಸ ಪೈಪನ್ನು ತಾವೇ ಕೂರಿಸಿ ಕೀಲಿ ತಿರುಗಿಸಿದರು.

ಆಹಾ! ಬಾನೆಟ್ ಮುಚ್ಚಿ ಅದರ ಮೇಲಿಟ್ಟ ಕಾಫಿ ಲೋಟ ಒಂದಿಷ್ಟೂ ಅಲುಗಲಿಲ್ಲ.

ಸರಿಯಾಗಿ ಹನ್ನೊಂದಕ್ಕೆ ಗುಜರಿಯವನು, ಕಾರನ್ನು ಓಡಿಸಿಕೊಂಡೇ ಹೋಗುವ ಲೆಕ್ಕದಲ್ಲಿ, ನಡೆದುಕೊಂಡು ಬಂದ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, "ಇಷ್ಟ್ ಚೆನ್ನಾಗಿರೋ ಗಾಡೀನ ಯಾಕಮ್ಮ ಕೊಡ್ತೀರ?" ಎಂದ.

"ಕೊಡೋರ್ ಯಾರಪ್ಪ? ಪಾಪ, ಬಿಸ್ಲಲ್ಲಿ ಬಂದಿದ್ದೀಯ. ಕೂತ್ಕೊ, ಎಬ್ಬಾಳದ ತನಕ ಬಿಟ್ ಬರ್ತೀನಿ."

ಶಿವರಾಮ್ ತಾನೇ ಓಡಿಹೋಗಿ ಗೇಟು ತೆಗೆದ.