ಹುಳದ ಮನೆಯ ನಕ್ಷೆ

ಹೇಮಶ್ರೀಯ ಕೈ ಬಲು ನಿಖರ. ಮಡಕಶಿರದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಯ ಟೆಕ್ನಿಕಲ್ ಡ್ರಾಯಿಂಗ್ ಪಾಠಕ್ಕೆ ಕೂರುವವರಲ್ಲಿ, ಟಿ-ಸ್ಕ್ವೇರನ್ನು ಹಲಗೆಗೆ ಒತ್ತಿ ಹಿಡಿದು ಒಂದೇ ಉಸಿರಿಗೆ ಗೆರೆ ಎಳೆಯುವವಳು ಅವಳೊಬ್ಬಳೇ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪುವವಳಲ್ಲ. ಅಂಥವಳು ಸುಳ್ಳು ಹೇಳಬೇಕಾಗಿ ಬಂದಾಗಲೂ ಗೆರೆಯಲ್ಲಿ ಹೇಳಲಿಲ್ಲ, ಅಕ್ಷರದಲ್ಲಿ ಹೇಳಿದಳು.

ಡ್ರಾಯಿಂಗ್ ಮೇಡಂ ಶಾಂತಕುಮಾರಿ ರಾಯದುರ್ಗದ ಕಡೆಯವರು. "ನಿಮ್ಮ ನಿಮ್ಮ ಮನೀನ ಟೇಪ್ ಹಿಡಿದು ಅಳೆದು ಪ್ಲಾನ್ ಹಾಕ್ಕೊಂಡು ಬರ್ರಿ. ಯಾವ ರೂಮಿಗೆ ಏನಂತಾರ ಅಂತ ಇಂಗ್ಲಿಷಿನಾಗ ಬರೀಬೇಕು," ಅಂದಿದ್ದರು. ಪೇಟೆಯ ಮಕ್ಕಳಿಗೆ ಅದು ಆಟದಂತಾಯಿತು. ಹೇಮಶ್ರೀಗೆ ಮಾತ್ರ ಟೇಪು ಹಿಡಿಯಲೇ ಮನಸ್ಸಾಗಲಿಲ್ಲ.

ಯಾಕೆಂದರೆ ಅವಳ ಹಳ್ಳಿಯ ಮನೆಯಲ್ಲಿ ಕೋಣೆ ಎನ್ನುವಂಥದ್ದು ಇರುವುದು ಒಂದೇ, ಅದೂ ರೇಷ್ಮೆ ಹುಳಗಳ ಪಾಲಿಗೆ. ಕಿಟಕಿಗೆ ಪರದೆ, ಗೋಡೆಗೆ ಸುಣ್ಣ, ಹೊತ್ತುಹೊತ್ತಿಗೆ ಹಸಿ ಸೊಪ್ಪು, ಎಲ್ಲ ಉಪಚಾರವೂ ಅವಕ್ಕೇ. ಉಳಿದ ಜಾಗದಲ್ಲಿ ಮನುಷ್ಯರು ಹೊಂದಿಕೊಂಡು ಮಲಗಬೇಕು. ಅಪ್ಪ ಅಮ್ಮ ನಡುಮನೆಯಲ್ಲಿ, ಅಜ್ಜಿ ಸೊಪ್ಪಿನ ರಾಶಿಯ ಪಕ್ಕದಲ್ಲಿ, ಹೇಮಶ್ರೀ ಒಲೆಯ ಹತ್ತಿರ. ಒಗೆದ ಯೂನಿಫಾರ್ಮಿಗೂ ಹುಳದ ವಾಸನೆ ಹತ್ತಿರುತ್ತಿತ್ತು. ಬಸ್ಸಿನಲ್ಲಿ ಯಾರು ಮೂಗು ತಿರುಗಿಸಿದರೂ ಅದು ತನ್ನನ್ನು ಕಂಡೇ ಎಂದುಕೊಳ್ಳುತ್ತಿದ್ದಳು.

ಹಾಗಾಗಿ ಗೋಡೆ, ಬಾಗಿಲು, ಕಿಟಕಿಗಳನ್ನೆಲ್ಲ ಇದ್ದದ್ದು ಇದ್ದ ಹಾಗೆ ಎಳೆದು, ಹುಳದ ಕೋಣೆಯ ನಡುವೆ ಕಪ್ಪು ಶಾಯಿಯಲ್ಲಿ 'ಬೆಡ್ ರೂಂ' ಎಂದು ಬರೆದಳು. ಸೊಪ್ಪಿನ ಮೂಲೆ 'ಸ್ಟಡಿ ರೂಂ' ಆಯಿತು. ಅಲ್ಲಿದ್ದ ಅಜ್ಜಿ ಎಲ್ಲಿ ಹೋದಳು ಎಂದು ಕೇಳುವವರಾದರೂ ಯಾರು?

ನಕ್ಷೆ ಚೆನ್ನಾಗಿ ಬಂದದ್ದೇ ತಪ್ಪಾಯಿತು. ಮೇಡಂ ಅದನ್ನು ತರಗತಿಯ ಗೋಡೆಗೆ ಅಂಟಿಸಿಬಿಟ್ಟರು. ಶನಿವಾರ ಪೋಷಕರ ಮೀಟಿಂಗು. ಅದು ಹುಳಕ್ಕೆ ಸೊಪ್ಪು ಹಾಕುವ ಹೊತ್ತು, ಅಪ್ಪ ಬರುವುದಿಲ್ಲ ಎಂದು ಅವಳು ಧೈರ್ಯವಾಗಿದ್ದಳು. ಆದರೆ ಅಪ್ಪ ಕದರಪ್ಪ ಬಂದೇ ಬಂದ, ಬಿಳಿ ಪಂಚೆಯುಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು.

ಅವನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ತಾನೇ ಕಟ್ಟಿಸಿದ ಮನೆಯನ್ನು ಗುರುತು ಹಿಡಿಯಲು ಅಕ್ಷರ ಯಾಕೆ ಬೇಕು? ನಕ್ಷೆಯ ಮುಂದೆ ನಿಂತವನು ಗೆರೆಗುಂಟ ಬೆರಳಾಡಿಸುತ್ತ ಒಳಗೆ ಹೊಕ್ಕೇಬಿಟ್ಟ.

"ನಮ್ಮನೆ ಇದು, ಮೇಡಮ್ಮೋರೆ. ಇಲ್ಲೈತೆ ನೋಡಿ ಬಾಗ್ಲು. ಇದು ಹುಳದ ಮನೆ. ಇಲ್ಲಿ ಸೊಪ್ಪು ಹಾಕ್ತೀವಿ, ಅದರ ಮಗ್ಗುಲಾಗೆ ನಮ್ಮಮ್ಮ ಮಲಗ್ತಾಳೆ. ನಮ್ಮ ಹೇಮ ಇಲ್ಲಿ, ಒಲೆ ತಾವ. ಹುಳಕ್ಕೆ ಸರಿಯಾಗಿದ್ರೆ ಸಾಕು, ನಾವೆಲ್ಲಾದ್ರೂ ಇರ್ತೀವಿ."

ಹಿಂದೆ ನಿಂತಿದ್ದ ಸಹಪಾಠಿ ಗೋವರ್ಧನ್, ಹುಳದ ಕೋಣೆಯ ನಡುವಿದ್ದ 'ಬೆಡ್ ರೂಂ' ಎಂಬುದನ್ನು ಮೆಲ್ಲಗೆ ಓದಿ, ಬಾಯಿಗೆ ಕೈ ಅಡ್ಡ ಹಿಡಿದ. ನಗು ಬೆಂಚಿನಿಂದ ಬೆಂಚಿಗೆ ದಾಟಿತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಹೇಮಶ್ರೀಗೆ. ಮಕ್ಕಳಿಗೆಲ್ಲ ಖುಷಿಯಾಗಿದೆ ಎಂದುಕೊಂಡ ಕದರಪ್ಪನೂ ನಕ್ಕ.

"ಇಲ್ಲಿ ಏನಂತ ಬರ್ದಿದ್ದೀಯವ್ವ?" ಎಂದು ಹುಳದ ಕೋಣೆಯ ಮೇಲೆ ಬೆರಳಿಟ್ಟು ಮಗಳನ್ನು ಕೇಳಿದ.

ಅವಳು ಮೇಡಂ ಮುಖ ನೋಡಿದಳು. ಮೇಡಂ ಕಿಟಕಿಯಾಚೆಯ ಬೆಟ್ಟ ನೋಡುತ್ತಿದ್ದರು.

"ಹುಳದ ಮನೆ ಅಂತ ಬರ್ದಿದ್ದೀನಪ್ಪ."

"ಇಂಗ್ಲಿಷಿನಾಗಾ?"

"ಹೂಂ."

"ಸರಿ ಹೋಯ್ತು. ನಮ್ಮ ಹುಳಾನೂ ಇಂಗ್ಲಿಷ್ ಸ್ಕೂಲಿಗೆ ಸೇರ್ದಂಗಾಯ್ತು," ಎಂದು ಅವನು ಮುಖವರಳಿಸಿ ಸುತ್ತಲೂ ನೋಡಿದ. ಈಗ ಯಾರೂ ನಗಲಿಲ್ಲ. ಗೋವರ್ಧನ್ ಕೂಡ ತಲೆ ತಗ್ಗಿಸಿದ. ಅಲ್ಲಿಯತನಕ ಹೇಮಶ್ರೀಗೆ ನಾಚಿಕೆಯಿದ್ದದ್ದು ಮನೆಯ ಬಗ್ಗೆ. ಈಗ ತನ್ನ ಬಗ್ಗೆಯೇ ಅಸಹ್ಯವಾಯಿತು, ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಮೇಡಂ ನಕ್ಷೆಯನ್ನು ಗೋಡೆಯಿಂದ ಬಿಡಿಸಿ ಕೊಟ್ಟರು. ಜೊತೆಗೊಂದು ಅರ್ಧ ಬ್ಲೇಡು.

"ಗೆರಿ ಒಂದೂ ತಪ್ಪಿಲ್ಲವ್ವ. ಅಕ್ಷರ ಮಾತ್ರ ನೀನ ತಗಿ," ಅಂದರು.

ಶಾಯಿ ರಬ್ಬರಿಗೆ ಹೋಗುವುದಿಲ್ಲ, ಬ್ಲೇಡಿನಲ್ಲಿ ಹೆರೆಯಬೇಕು. 'ಸ್ಟಡಿ ರೂಂ' ಹೇಗೋ ಹೋಯಿತು. 'ಬೆಡ್ ರೂಂ' ಎನ್ನುವುದನ್ನು ಅವಳು ಎರಡೆರಡು ಸಲ ತಿದ್ದಿ ದಪ್ಪಗೆ ಬರೆದಿದ್ದಳು. ಕಣ್ಣು ಮಂಜಾಗಿತ್ತು, ಆ ನಿಖರವಾದ ಕೈ ಬ್ಲೇಡನ್ನು ಒತ್ತಿ ಒತ್ತಿ ಹೆರೆಯಿತು. ಅಕ್ಷರದ ಜೊತೆಗೆ ಕಾಗದವೂ ಕಿತ್ತುಬಂದು, ಹುಳದ ಕೋಣೆಯಿದ್ದಲ್ಲಿ ತೂತು ಬಿತ್ತು.

ಮನೆಗೆ ಬರುವಷ್ಟರಲ್ಲಿ ಅಪ್ಪ ಎಲ್ಲರಿಗೂ ಸುದ್ದಿ ಮುಟ್ಟಿಸಿಯಾಗಿತ್ತು. ನಕ್ಷೆಯನ್ನು ಹುಳದ ಮನೆ ಬಾಗಿಲಿಗೆ ಹೊಡೆಯುತ್ತೇನೆ ಎಂದು ಕೈ ಚಾಚಿದ. ಅವಳು ಕೊಟ್ಟಳು. ಅವನ ಬೆರಳು ನೇರ ತೂತಿನ ಮೇಲೇ ಹೋಯಿತು.

"ಇಲ್ಲೇನವ್ವ, ಹರ್ದೈತಲ್ಲ?"

ಹೇಳಿಯೇಬಿಡೋಣ ಎಂದು ಹೇಮಶ್ರೀ ಬಾಯಿ ತೆರೆದಳು.

"ಇರ್ಲಿ ಬಿಡು," ಎಂದ ಕದರಪ್ಪ, ಮೊಳೆ ಹುಡುಕಲು ಏಳುತ್ತ. "ಎಲ್ರೂ ಅಲ್ಲೇ ಬೆರಳಿಟ್ಟು ಓದಿರ್ತಾರೆ."