ಬೇಚರಾಕ್ ಊರಿನ ಬಾವಿ

ದೆವ್ವ, ಪೀಡೆ ಎಂಬ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ಸರ್ವೇಯರ್ ಆಗಿದ್ದವನಿಗೆ ನಕ್ಷೆಯಲ್ಲಿ ಇದ್ದದ್ದಷ್ಟೇ ನಿಜ. ಇದನ್ನು ಓದುವವರು ನಂಬಲೇಬೇಕೆಂದು ನಾನೂ ಕೇಳುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಘಾಟಿ ಸುಬ್ರಹ್ಮಣ್ಯದಿಂದ ಆಚೆಗೆ, ಗುಡ್ಡದ ಮಗ್ಗುಲಲ್ಲಿದ್ದ ಕೋಡಿಪುರದ ಅಳತೆಗೆ ಹೋಗಿದ್ದೆ. ಅದು ಊರು ಎನ್ನುವುದು ದಾಖಲೆಯಲ್ಲಿ ಮಾತ್ರ. ಜನವಿಲ್ಲದ ಇಂಥ ಊರುಗಳನ್ನು ನಮ್ಮ ಕಡತಗಳು ಬೇಚರಾಕ್ ಗ್ರಾಮ ಎನ್ನುತ್ತವೆ. ಹಿಂದೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಕೆರೆಯಾಚೆ ಮನೆ ಕಟ್ಟಿಕೊಂಡರಂತೆ. ಉಳಿದದ್ದು ಕರಗಿದ ಮಣ್ಣಿನ ಗೋಡೆಗಳು, ಬಾಗಿಲಿಲ್ಲದ ಮಾರಮ್ಮನ ಗುಡಿ, ಎರಡು ಹುಣಸೆಮರ. ಅಳತೆಯ ಸರಪಳಿ ಹಿಡಿಯಲು ಕೆರೆಯಾಚೆಯ ಮುನಿಯಪ್ಪ ಬಂದಿದ್ದ. ಬೇಸಾಯ ಬಲ್ಲವನು, ಆದರೆ ಸ್ವಂತಕ್ಕೆ ಗೇಣು ಭೂಮಿ ಇರಲಿಲ್ಲ.

ಮಟಮಟ ಮಧ್ಯಾಹ್ನ ಅವನು ನೀರು ತರಲು ಹೋದ. ಗುಡಿಯ ಮುಂದಿನ ಬಯಲಲ್ಲಿ ನಿಂತು ಅಳತೆ ಬರೆಯುತ್ತಿದ್ದೆ. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಹತ್ತಿರ ಬಂದಳು.

“ಬಾವಿ ಬರ್ಕೊಂಡ್ಯೇನಪ್ಪಾ?”

“ಇಲ್ಲೆಲ್ಲಮ್ಮಾ ಬಾವಿ?”

“ನೀನು ನಿಂತಿರೋದೇ ಅದರ ಮೇಲೆ. ತೊಲೆ ಹಾಸಿ ಮಣ್ಣು ಮುಚ್ಚಿಬಿಟ್ರು. ಬರ್ಕೊಳಪ್ಪಾ, ಯಾರಾದ್ರೂ ಬಿದ್ದಾರು.”

ಕೆಳಗೆ ನೋಡಿದೆ. ಗಟ್ಟಿ ನೆಲ, ಒಣಗಿದ ಹುಲ್ಲು. ಹಳೆಯ ನಕ್ಷೆಯಲ್ಲೂ ಬಾವಿ ಇರಲಿಲ್ಲ. “ಆಗಲಮ್ಮಾ” ಎಂದು ನಕ್ಕು, ಅರ್ಧಕ್ಕೆ ನಿಂತಿದ್ದ ಅಂಕಿ ಮುಗಿಸಿ ತಲೆಯೆತ್ತಿದರೆ ಅವಳಿರಲಿಲ್ಲ. ಸುತ್ತ ಬಟ್ಟಬಯಲು. ಇದ್ದ ದಾರಿ ಕೆರೆ ಏರಿಯೊಂದೇ. ಅದರ ಮೇಲೆ ಮುನಿಯಪ್ಪ ಬಿಂದಿಗೆ ಹೊತ್ತು ಬರುತ್ತಿದ್ದ.

“ಎದುರಿಗೆ ಯಾರಾದ್ರೂ ಸಿಕ್ರಾ ಮುನಿಯಪ್ಪ?”

“ನರಪಿಳ್ಳೆ ಇಲ್ಲ ಸ್ವಾಮಿ. ಈ ಬಿಸಿಲಾಗೆ ಯಾರ್ ಬತ್ತಾರೆ?”

ಅವಳ ವಿಷಯ ಅವನಿಗೆ ಹೇಳಲಿಲ್ಲ, ಹೆದರಿದ್ದೇನೆ ಅಂದುಕೊಂಡಾನೆಂಬ ನಾಚಿಕೆ. ಅಳತೆ ಪುಸ್ತಕದಲ್ಲೂ ಬಾವಿ ಬರೆಯಲಿಲ್ಲ.

ಎರಡು ವರ್ಷದ ಮೇಲೆ ಆ ಬಯಲಿನಲ್ಲೇ ಮುನಿಯಪ್ಪನಿಗೆ ಎರಡು ಎಕರೆ ಮಂಜೂರಾಯಿತು. ಗಡಿ ಅಳೆದು ಹದ್ದುಬಸ್ತು ಮಾಡಿಕೊಟ್ಟವನು ನಾನೇ. ಖುಷಿಗೆ ಒಂದು ಚಿಪ್ಪು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು ಹೋಗಿದ್ದ. ಮುಂಗಾರಿನ ಮೊದಲ ಉಳುಮೆಯಲ್ಲಿ, ಗುಡಿಯ ಮುಂದೆ, ನೆಲ ಬಾಯಿಬಿಟ್ಟಿತು. ಒಂದು ಎತ್ತು ಬಾವಿಯೊಳಗೇ ಸತ್ತಿತು. ಮುನಿಯಪ್ಪನನ್ನು ಹಗ್ಗ ಹಾಕಿ ಎತ್ತಿದರು, ಸೊಂಟ ಮುರಿದಿತ್ತು.

ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. “ಅವತ್ತೇ ಒಂದ್ ಮಾತು ಅಂದಿದ್ರೆ ಹಾರೆ ಹಾಕಿ ನೋಡ್ತಿದ್ದೆ ಸ್ವಾಮಿ” ಎಂದ. ಅಷ್ಟೇ.

ಮತ್ತೆ ಅವನು ಕೋಲಿಲ್ಲದೆ ನಡೆಯಲಿಲ್ಲ. ಹೊಲದ ಕೆಲಸವೆಲ್ಲ ಹೆಂಡತಿಯ ಮೇಲೆ ಬಿತ್ತು.

ಆ ಹೆಂಗಸಿಗಾಗಿ ಸುತ್ತಲ ಹಳ್ಳಿಗಳಲ್ಲಿ ವಿಚಾರಿಸಿದೆ. ಕೆರೆಯಾಚೆಯ ಮುದುಕರಿಗೂ ಬಾವಿಯ ನೆನಪಿರಲಿಲ್ಲ, ನಾನು ಹೇಳಿದ ಚಹರೆಯವಳನ್ನು ಯಾರೂ ಕಂಡಿರಲಿಲ್ಲ. ಹಿರಿಯರಿಂದ ಕೇಳಿ ತಿಳಿದಿದ್ದ ಯಾವಳೋ ದಾರಿಹೋಕಳಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಹಾಗಾದರೆ ಆ ಬಯಲಿನಲ್ಲಿ ಅವಳು ಎತ್ತ ಹೋದಳು? ಇವತ್ತಿಗೂ ಗೊತ್ತಿಲ್ಲ. ಅವಳು ಯಾರೇ ಆಗಿರಲಿ, ಹೇಳಿದ್ದು ನನಗೆ. ಐದು ನಿಮಿಷದ ಕೆಲಸವಿತ್ತು. ನಾನು ಮಾಡಲಿಲ್ಲ.