ಮೈಕು ಬಿಡದ ತಿಪ್ಪೇಶಣ್ಣ

ತಿಪ್ಪೇಶಣ್ಣ ಮೈಕು ಹಿಡಿಯುತ್ತಿದ್ದ ರೀತಿ ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಒಂದು ಕೈಯಲ್ಲಿ ಅದರ ಕುತ್ತಿಗೆ ಅಮುಕಿ, ಇನ್ನೊಂದಕ್ಕೆ ವೈರು ಸುತ್ತಿಕೊಂಡು, ಯಾರೋ ಕಸಿದುಕೊಳ್ಳಲು ಬಂದಿರುವಂತೆ ಮಗ್ಗುಲಾಗಿ ನಿಲ್ಲುತ್ತಿದ್ದ. ಹೊಸದುರ್ಗದ ಶಾಲೆ ಮೈದಾನದಲ್ಲಿ ಬೇಸಿಗೆ ರಜೆಯ ಸಂಜೆ ಹಾಡು, ಕೋಲಾಟ, ನಾಟಕ ಏನೇ ನಡೆಯಲಿ, ನಿರೂಪಣೆ ಅವನದೇ. ಯಾರೂ ನೇಮಿಸಿದ್ದಲ್ಲ. ತನ್ನ ಪಾತ್ರೆ ಅಂಗಡಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ವೇದಿಕೆ ಹತ್ತಿದನೆಂದರೆ ಇಳಿಸುವವರು ಇರಲಿಲ್ಲ.

ಹಾಡುವವರು ತಯಾರಾಗಿ ನಿಂತ ಕೂಡಲೇ ಅವನಿಗೆ ಸನ್ಮಾನ ನೆನಪಾಗುತ್ತಿತ್ತು. ಶಾಮಿಯಾನ ಕೊಟ್ಟವರಿಗೆ ಶಾಲು, ಕುರ್ಚಿ ಕೊಟ್ಟವರಿಗೆ ಹಾರ, ಸುಮ್ಮನೆ ನೋಡಲು ಬಂದ ಗುತ್ತಿಗೆದಾರರಿಗೂ ಪೇಟ. ಒಬ್ಬೊಬ್ಬರ ಹಿರಿಮೆಯೂ ಅವರ ಅಜ್ಜನಿಂದಲೇ ಶುರುವಾಗಬೇಕು. ಒಮ್ಮೆ ಕೋಲಾಟದ ಮಕ್ಕಳು ಕಾದು ಕಾದು ವೇದಿಕೆಯ ಹಿಂದೆ ನಿದ್ದೆ ಹೋದವು. “ನೋಡ್ರಿ, ಎಂಥ ಶಿಸ್ತಿನ ಮಕ್ಳು, ಒಂದಾದ್ರೂ ಉಸಿರೆತ್ತಿಲ್ಲ” ಅಂದ, ಭಂಡ.

“ಜನ ಹಾಡು ಕೇಳಾಕೆ ಬಂದಿದಾರೆ ಕಣಣ್ಣ” ಎಂದು ನಾನು ಎಷ್ಟೋ ಸಲ ಜಗಳ ಆಡಿದ್ದೇನೆ.

“ಹಾಡೋರು ಎಲ್ಲಿಗೋಗ್ತಾರಲೇ, ಇಲ್ಲೇ ಇರ್ತಾರೆ. ಕೊಟ್ಟೋರು ಎದ್ದೋದ್ರೆ ಮುಂದಿನ ವರ್ಷ ಶಾಮಿಯಾನ ನಿಮ್ಮಪ್ಪ ಹಾಕಿಸ್ತಾನಾ?”

ನಮ್ಮ ಚಿಕ್ಕಮ್ಮ ತುರುವನೂರಿನಲ್ಲಿ ಕುರಿ ಕಾಯುತ್ತ ಬೆಳೆದವಳು. ಅವಳು ಪದ ಹೇಳಿದರೆ ಬೀದಿ ತುದಿಗೂ ಕೇಳುತ್ತಿತ್ತು. ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆದಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. “ಹೋದ್ರೆ ಹೋಗ್ಲಿ. ಒಂದ್ಸಲ ಮೈಕ್‌ನಾಗೆ ಹಾಡಿಬಿಡ್ತೀನಿ” ಅಂದಳು. ತಿಪ್ಪೇಶಣ್ಣನಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಕೊನೆಯ ಸಂಜೆಯ ಮೊದಲ ಪದ ಅವಳದೇ ಎಂದು ಒಪ್ಪಿಸಿದೆ. ಅವನೂ ತಲೆಯಾಡಿಸಿದ್ದ.

ಅವತ್ತು ಮೋಡ ಕಟ್ಟಿತ್ತು. ಚಿಕ್ಕಮ್ಮ ಹಸಿರು ಇಳಕಲ್ ಸೀರೆ ಉಟ್ಟು ಮೆಟ್ಟಿಲ ಬಳಿ ನಿಂತೇ ಇದ್ದಳು. ಇವನು ಶಾಲು ಹೊದಿಸುತ್ತಲೇ ಇದ್ದ. ಮುಂದಿನ ಸಾಲಿನವರೆಲ್ಲ ಆಕಾಶ ನೋಡತೊಡಗಿದಾಗ ಹೋಗಿ ಅವನ ಜುಬ್ಬಾ ಜಗ್ಗಿದೆ. “ತಡಿಯಪ್ಪ, ಇನ್ನೊಬ್ರು ಅವ್ರೆ” ಅಂದ. ಅಷ್ಟರಲ್ಲಿ ಗಾಳಿಗೆ ಶಾಮಿಯಾನ ಕಿತ್ತುಹೋಯಿತು, ಕರೆಂಟು ಹೋಯಿತು, ಆಲಿಕಲ್ಲು ಸುರಿಯಿತು. ಜನ ಕುರ್ಚಿಗಳನ್ನೇ ತಲೆ ಮೇಲೆ ಹಿಡಿದು ಓಡಿದರು. ಚಿಕ್ಕಮ್ಮ ನೆನೆಯುತ್ತ ಮನೆಗೆ ಬಂದಳು. ಮರುವಾರ ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ ಆಯಿತು.

ಅಂದಿನಿಂದ ಅವನು ಎದುರಾದರೆ ನಾನು ರಸ್ತೆ ದಾಟಿಬಿಡುತ್ತಿದ್ದೆ. ಈ ಬೇಸಿಗೆಯಲ್ಲಿ ಹಣ್ಣಿನ ತಟ್ಟೆ ಹಿಡಿದು ಅವನೇ ಮನೆಗೆ ಬಂದ. ಆ ದಿನದ ಮೇಲೆ ಮತ್ತೆ ಅವನ ಮುಖ ನೋಡಿಲ್ಲ, ನೋಡುವುದೂ ಬೇಡ.

“ಹೋದ ಸಲ ತಪ್ಪಾತು ಕಣಮ್ಮ. ಈ ಸಲ ಒಂದು ಸಂಜೆ ಪೂರಾ ನಿಂದೇ” ಅಂದ. ಆಗ ನನಗೆ ತಿಳಿಯಿತು: ಗಂಟಲಿನ ವಿಷಯ ನಾನು ಅಷ್ಟು ಬಿಡಿಸಿ ಹೇಳಿದ್ದನ್ನು ಆಸಾಮಿ ಕಿವಿಗೇ ಹಾಕಿಕೊಂಡಿರಲಿಲ್ಲ. “ಎಲ್ಲಿ, ಒಂದು ಪದ ಅನ್ನು, ಕೇಳಾಣ.”

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಬಾಯಿ ತೆರೆದಳು. ಬರೀ ಉಸಿರು ಬಂತು. ಅವಳು ನಿಲ್ಲಿಸಲಿಲ್ಲ. ಅವನ ಮುಖವನ್ನೇ ನೋಡುತ್ತ, ತೊಡೆಯ ಮೇಲೆ ತಾಳ ಹಾಕುತ್ತ, ಒಂದೊಂದೇ ನುಡಿಯನ್ನು ಆ ಉಸಿರಿನಲ್ಲೇ ಹಾಡಿದಳು. ತಿಪ್ಪೇಶಣ್ಣ ನನ್ನ ಕಡೆ ನೋಡಿದ, ಬಾಗಿಲ ಕಡೆ ನೋಡಿದ, ಮೆಲ್ಲಗೆ ಏಳಲು ಹೋದ.

“ಕುಂತ್ಕಳ್ರಿ” ಅಂದೆ. “ಪದ ಇನ್ನೂ ಮುಗಿದಿಲ್ಲ.”